ಹಳೇ ಕಂಪೈಲರ್‌ಗಳನ್ನು ಬಿಲ್ಡ್‌ನಿಂದ ಕಳಿಸಿಕೊಟ್ಟದ್ದು

ನಾನು ನೋಡಿಕೊಳ್ಳುವ ಸಿ++ ಲೈಬ್ರರಿಯ ಬಿಲ್ಡ್ ಫೈಲ್‌ಗಳಲ್ಲಿ (ಕೋಡನ್ನು ಕಂಪೈಲರ್‌ನಿಂದ ಓಡುವ ಪ್ರೋಗ್ರಾಂ ಮಾಡಿಸುವ ಸೂಚನೆಗಳಲ್ಲಿ) ಎಚ್‌ಪಿ-ಯುಎಕ್ಸ್, ಸ್ಪಾರ್ಕ್ ಸೊಲಾರಿಸ್, ಇಟೇನಿಯಂ, ವಿಷುವಲ್ ಸ್ಟುಡಿಯೊ 2008 ಹೀಗೆ ಹಳೇ ಸಿಸ್ಟಂ, ಪ್ರೊಸೆಸರ್, ಕಂಪೈಲರ್ ಎಲ್ಲದರ ಹೆಸರೂ ಇತ್ತು. ಅವುಗಳ ಮೇಲೆ ಬಿಲ್ಡ್ ಮಾಡಿ ನೋಡೋಣ ಎಂದರೆ ಒಂದು ಮಷೀನೂ ನಮ್ಮಲ್ಲಿ ಉಳಿದಿರಲಿಲ್ಲ. ಟೆಸ್ಟ್ ಮಾಡದ ಸಪೋರ್ಟ್ ಇದ್ದರೆಷ್ಟು, ಬಿಟ್ಟರೆಷ್ಟು ಅಲ್ವಾ?

2025ರಲ್ಲಿ ನಮ್ಮ ಬಿಲ್ಡ್ ನಡೆಸುವ ಟೂಲ್ ಸಿಮೇಕ್‌ನ 4.0 ವರ್ಶನ್ ಬಂದಾಗ ಕೆಲಸಕ್ಕೆ ಮುಹೂರ್ತ ಕೂಡಿಬಂತು. ನಮ್ಮ ಫೈಲ್ ಮೊದಲ ಸಾಲಲ್ಲೇ ‘ಕನಿಷ್ಠ ಸಿಮೇಕ್ 2.8’ ಎನ್ನುತ್ತಿತ್ತು. ಹೊಸ ಸಿಮೇಕ್ 3.5ಕ್ಕಿಂತ ಹಿಂದಿನದನ್ನು ಒಪ್ಪುವುದೇ ಇಲ್ಲ. ಆ ನಂಬರ್ ಒಂದನ್ನೇ ತಿದ್ದಿ ಸುಮ್ನೆ ಇರಬಹುದಿತ್ತು. ಹೇಗೂ ಕೈ ಹಾಕಿದ್ದಾಯಿತು, ಪೂರ್ತಿ ಗುಡಿಸೋಣ ಅಂದುಕೊಂಡೆ.

ಯಾವುದನ್ನು ಬಿಡಬೇಕು ಎಂಬುದಕ್ಕೆ ಜಾಸ್ತಿ ಚರ್ಚೆ ಆಗಲಿಲ್ಲ. ವಿಷುವಲ್ ಸ್ಟುಡಿಯೊ 2008ಕ್ಕೆ ಮೈಕ್ರೋಸಾಫ್ಟ್ 2018ರಲ್ಲೇ ಸಪೋರ್ಟ್ ನಿಲ್ಲಿಸಿದೆ. ಇಟೇನಿಯಂ ಅನ್ನು ಲಿನಕ್ಸ್ ಕರ್ನಲ್ 6.7ರಲ್ಲಿ ತೆಗೆದೇ ಹಾಕಿದರು. ಸೆಂಟ್‌ಒಎಸ್ 7 ಎಂಬ ಲಿನಕ್ಸ್ ಮಾತ್ರ ಉಳಿಸಿಕೊಂಡೆ. 2024ರ ಜೂನ್‌ಗೆ ಅದರ ಕಾಲ ಮುಗಿದಿದ್ದರೂ ನಮ್ಮ ಗ್ರಾಹಕರು ಇನ್ನೂ ಅದರಲ್ಲೇ ಇದ್ದರು. ಅದರ ಕಂಪೈಲರ್ ಜಿಸಿಸಿ 4.8 ನಮ್ಮ ಕನಿಷ್ಠ ಮಟ್ಟವಾಯಿತು. ವಿಂಡೋಸ್ ಕಡೆ ವಿಷುವಲ್ ಸ್ಟುಡಿಯೊ 2015.

ಮೊದಲು ಒಂದು ಸಾಲು ಕೋಡನ್ನೂ ಅಳಿಸಲಿಲ್ಲ. ಹಳೇ ಕಂಪೈಲರ್ ಕಂಡರೆ ಬಿಲ್ಡ್ ನಿಲ್ಲಿಸಿ, ‘ಇದಕ್ಕೆ ಸಪೋರ್ಟ್ ನಿಂತಿದೆ, ಬೇಕಿದ್ದವರು ತಿಳಿಸಿ’ ಎಂದು ಹೇಳುವ ಹಾಗೆ ಮಾಡಿದೆ. ಅದೇ ಸಂದೇಶವನ್ನು ಮುಖ್ಯ ಹೆಡರ್‌ನಲ್ಲೂ (ಲೈಬ್ರರಿ ಬಳಸುವವರು ತಮ್ಮ ಕೋಡಿಗೆ ಸೇರಿಸಿಕೊಳ್ಳುವ ಫೈಲ್‌ನಲ್ಲೂ) ಹಾಕಿದೆ. ನಮ್ಮ ಬಿಲ್ಡ್ ಮುಟ್ಟದೆ ಹೆಡರ್ ಮಾತ್ರ ಬಳಸುವವರು ಇರುತ್ತಾರಲ್ಲ. ಹೀಗೆ ಒಂದು ರಿಲೀಸ್ ಹೋಗಲಿ ಎಂದು ಬಿಟ್ಟೆ. ಯಾರಾದರೂ ಕೂಗಿದರೆ ಆ ಸಾಲು ತೆಗೆದರೆ ಮುಗೀತು. ಯಾರೂ ಕೂಗಲಿಲ್ಲ.

ಅಳಿಸುವ ಕೆಲಸಕ್ಕೆ ಅನ್‌ಇಫ್‌ಡೆಫ್ ಎಂಬ ಹಳೇ ಟೂಲ್ ಇದೆ. ‘ಎಚ್‌ಪಿ-ಯುಎಕ್ಸ್ ಮ್ಯಾಕ್ರೊ ಇಲ್ಲ’ ಎಂದು ಹೇಳಿದರೆ ಆ ಇಫ್‌ಡೆಫ್ ತುಂಡುಗಳನ್ನೆಲ್ಲ (ಆ ಮ್ಯಾಕ್ರೊ, ಅಂದರೆ ಕಂಪೈಲರ್ ಇಡುವ ಗುರುತಿನ ಹೆಸರು, ಇದ್ದರೆ ಮಾತ್ರ ಸೇರುವ ಕೋಡನ್ನು) ತಾನೇ ಕತ್ತರಿಸುತ್ತದೆ. ‘ಎಚ್‌ಪಿ-ಯುಎಕ್ಸ್ ಅಥವಾ ಎಐಎಕ್ಸ್’ ಎಂದು ಎರಡು ಸಿಸ್ಟಂ ಸೇರಿಸುವಂಥ ಬೆರಕೆ ಷರತ್ತುಗಳನ್ನು ಹಾಗೇ ಬಿಡುತ್ತದೆ. ಅವನ್ನು ಗ್ರೆಪ್ ಹಾಕಿ ಹುಡುಕಿ ಕೈಯಲ್ಲೇ ತಿದ್ದಿದೆ. ಮೈಕ್ರೋಸಾಫ್ಟ್ ಕಂಪೈಲರ್ ವರ್ಶನ್ ಮ್ಯಾಕ್ರೊಗೆ ಮಾತ್ರ ಈ ಟೂಲ್ ಬೇಡ. ಅದರ ಬೆಲೆ 1900 (ವಿಷುವಲ್ ಸ್ಟುಡಿಯೊ 2015ರ ನಂಬರ್) ಎಂದು ಕೊಟ್ಟರೆ ಹಳೇ ವರ್ಶನ್‌ಗಳ ಕೋಡ್ ಹೋಗುತ್ತದೆ, ನಿಜ. ಜೊತೆಗೆ ‘ಈ ಮ್ಯಾಕ್ರೊ ಇದೆಯೇ’ ಎಂಬ ಪ್ರಶ್ನೆಗೆಲ್ಲ ‘ಹೌದು’ ಅಂದುಕೊಂಡು ಲಿನಕ್ಸ್ ಕೋಡನ್ನೂ ಕತ್ತರಿಸಿ ಎಸೆಯುತ್ತದೆ!

ಸ್ಪಾರ್ಕ್ ವಿಷಯಕ್ಕೆ ಜಾಸ್ತಿ ಯೋಚನೆ ಬೇಕಾಯಿತು. ಹೆಸರು ಸ್ಪಾರ್ಕ್ ಎಂದಿದ್ದರೂ ಅಲ್ಲಿದ್ದ ಅರ್ಧ ಕೋಡ್ ಬಿಗ್ ಎಂಡಿಯನ್‌ಗೆ (ಸಂಖ್ಯೆಯ ದೊಡ್ಡ ಸ್ಥಾನದ ಬೈಟನ್ನು ಮೊದಲು ಇಡುವ ಕ್ರಮಕ್ಕೆ) ಸೇರಿದ್ದು. ಐಬಿಎಂ ಮೇನ್‌ಫ್ರೇಮ್‌ನ ಲಿನಕ್ಸ್‌ಗೆ ಅದು ಇವತ್ತಿಗೂ ಬೇಕು. ಅದನ್ನು ಬೈಟ್ ಕ್ರಮದ ಹೆಸರಿಗೆ ಬದಲಿಸಿ ಉಳಿಸಿಕೊಂಡೆ. ಟೆಸ್ಟ್‌ಗೆ ಬೇರೆ ಪ್ರೊಸೆಸರ್‌ನಂತೆ ನಟಿಸುವ ಕ್ಯೂಎಂಯು ಹಾಕಿದೆ. ಇನ್ನೊಂದು ಲಾಭವೂ ಸ್ಪಾರ್ಕ್‌ನಿಂದ ಇತ್ತು. ಅಲೈನ್ ಆಗದ (ಇಂಟಿಜರ್‌ನ ಅಳತೆಯಿಂದ ಸರಿಯಾಗಿ ಭಾಗವಾಗದ) ಮೆಮೊರಿ ವಿಳಾಸದಿಂದ ಇಂಟಿಜರ್ ಓದಿದರೆ ಅದು ತಕ್ಷಣ ಕ್ರ್ಯಾಶ್ ಆಗುತ್ತಿತ್ತು. ನಮ್ಮ ಪಿಸಿಗಳ ಎಕ್ಸ್86 ಪ್ರೊಸೆಸರ್ ಅಂಥದ್ದನ್ನೆಲ್ಲ ಸಾಮಾನ್ಯವಾಗಿ ನುಂಗಿಕೊಳ್ಳುತ್ತದೆ. ಆ ಕಾವಲು ಹೋಗಬಾರದು ಎಂದು ಓಡುವಾಗಲೇ ತಪ್ಪು ಹಿಡಿಯುವ ಸ್ಯಾನಿಟೈಸರ್‌ನ ಅಲೈನ್‌ಮೆಂಟ್ ಪರೀಕ್ಷೆಯನ್ನು ದಿನದ ಬಿಲ್ಡ್‌ಗೆ ಸೇರಿಸಿದೆ.

ಕೊನೆಗೆ ಉಳಿದದ್ದು ಬಫರ್‌ಗೆ (ಗೊತ್ತಾದ ಅಳತೆಯ ಮೆಮೊರಿ ಜಾಗಕ್ಕೆ) ಪಠ್ಯ ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್ ಫಂಕ್ಷನ್‌ಗೆ ಹೊದಿಕೆಯಾಗಿ ನಾವೇ ಬರೆದಿದ್ದ ರ‍್ಯಾಪರ್. ವಿಷುವಲ್ ಸ್ಟುಡಿಯೊ 2015ಕ್ಕೂ ಮುಂಚೆ ಸ್ಟ್ಯಾಂಡರ್ಡ್ ಫಂಕ್ಷನ್ ಇರಲಿಲ್ಲ, ಅದಕ್ಕೇ ಈ ಸಾಹಸ. ಜಾಗ ಸಾಲದಿದ್ದರೆ ನಮ್ಮ ರ‍್ಯಾಪರ್ ಮೈನಸ್ ಒಂದು ಕೊಡುತ್ತಿತ್ತು. ಸ್ಟ್ಯಾಂಡರ್ಡ್ ಫಂಕ್ಷನ್ ಬೇಕಾಗಿದ್ದ ಉದ್ದವನ್ನು ಕೊಡುತ್ತದೆ. ‘ಸೊನ್ನೆಗಿಂತ ಕಡಿಮೆಯೇ’ ಎಂದು ನೋಡುತ್ತಿದ್ದ ಕಡೆಯಲ್ಲೆಲ್ಲ ‘ಬಫರ್‌ನಷ್ಟೇ ಅಥವಾ ಜಾಸ್ತಿಯೇ’ ಎಂಬುದನ್ನೂ ಸೇರಿಸಬೇಕಾಯಿತು. ಕಂಪೈಲರ್ ಇದಕ್ಕೆ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಕರೆದ ಜಾಗಗಳನ್ನು ಒಂದೊಂದಾಗಿ ಓದಿ ತಿದ್ದಿ, ಆಮೇಲೆ ರ‍್ಯಾಪರ್ ತೆಗೆದೆ. ಪ್ರತಿ ಪ್ಲಾಟ್‌ಫಾರ್ಮ್‌ಗೂ ಬೇರೆ ಕಮಿಟ್ (ದಾಖಲಾದ ಬದಲಾವಣೆ), ಈ ರ‍್ಯಾಪರ್‌ಗೂ ಬೇರೆಯೇ.