ಏಳಕ್ಕೊಂದು ಚಪ್ಪಾಳೆ

ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ನಾನು. ಕಾರವಾರ–ಕುಮಟಾ ದಾರಿಯಲ್ಲಿ ಯಾರು ಎಲ್ಲಿ ಹತ್ತಿದರು, ಯಾರಿಗೆ ಎಷ್ಟು ಚಿಲ್ಲರೆ ಬಾಕಿ, ಎಲ್ಲ ತಲೆಯಲ್ಲೇ ಇರುತ್ತಿತ್ತು. ಅಂಥವನು ಎರಡು ವರ್ಷದ ಹಿಂದೆ ಒಂದು ದಿನ ಬಂಗಡೆಗೆ ದುಡ್ಡು ಕೊಟ್ಟು, ಮೀನಿನ ಚೀಲ ಅಲ್ಲೇ ಬಿಟ್ಟು ಮನೆಗೆ ಬಂದೆ. ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ.

ಡಾಕ್ಟರು ಬಿಪಿ, ಸಕ್ಕರೆ, ಬಿ12 ನೋಡಿದರು. ಕಿವಿಯನ್ನೂ ಪರೀಕ್ಷೆ ಮಾಡಿಸಿ ಅಂದರು. ಮರೆವಿಗೂ ಕಿವಿಗೂ ಏನು ಸಂಬಂಧ ಅಂತ ಕೇಳಿದೆ. ಕಿವಿ ಕೇಳದಿದ್ದರೆ ಜನರ ಜೊತೆ ಮಾತು ಕಡಿಮೆ, ಮೆದುಳಿಗೂ ಕೆಲಸ ಕಡಿಮೆ ಅಂದರು. ನನ್ನ ಕಿವಿ ಸರಿ ಇತ್ತು, ಬಿಪಿ ಜಾಸ್ತಿ ಇತ್ತು. ಗುಳಿಗೆ ಶುರುವಾಯ್ತು.

ಬೆಳಿಗ್ಗೆ ಟಾಗೋರ್ ಬೀಚಿನಲ್ಲಿ ನಡಿಗೆ, ಮಧ್ಯಾಹ್ನ ಪೇಪರಿನ ಪದಬಂಧ. ಮೂರು ತಿಂಗಳು ಹೀಗೇ ನಡೀತು. ಆಮೇಲೆ ಮಗಳು ಫೋನಿನಲ್ಲಿ, "ಅಪ್ಪಾ, ಎರಡೂ ಒಟ್ಟಿಗೇ ಮಾಡಿ ನೋಡು" ಅಂದಳು. ಫಿನ್ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1,260 ಜನರ ಮೇಲೆ ಎರಡು ವರ್ಷ ಒಂದು ಅಧ್ಯಯನ ಮಾಡಿದ್ದರಂತೆ, 2015ರಲ್ಲಿ ಪ್ರಕಟವಾಯಿತು. ಊಟ, ವ್ಯಾಯಾಮ, ತಲೆಗೆ ಕೆಲಸ, ಬಿಪಿಯಂಥವುಗಳ ಮೇಲೆ ಕಣ್ಣು. ಎಲ್ಲ ಒಟ್ಟಿಗೆ ಮಾಡಿದವರು ಯೋಚನಾಶಕ್ತಿಯ ಪರೀಕ್ಷೆಯಲ್ಲಿ ಮುಂದಿದ್ದರು. ನಡೀತಾ ಲೆಕ್ಕ ಮಾಡಿ ಅಂತೇನೂ ಅವರು ಹೇಳಿಲ್ಲ. ಅದು ನಮ್ಮ ಮನೆಯ ಪ್ರಯೋಗ.

ಮೊದಲು ನನ್ನ ಸ್ಟಾಪುಗಳನ್ನೇ ಹೇಳುತ್ತಾ ನಡೆದೆ. ಬಿಣಗಾ, ಅರಗಾ, ಅಮದಳ್ಳಿ, ಅವರ್ಸಾ, ಅಂಕೋಲಾ... ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು, ನಾನು ಚಾ ಬಗ್ಗೆ ಯೋಚಿಸುತ್ತಿದ್ದೆ! ಉಲ್ಟಾ ಹೇಳಿದೆ. ಒಂದು ವಾರಕ್ಕೆ ಅದೂ ಸಲೀಸು. ನೂರರಿಂದ ಏಳೇಳು ಕಳೆದೆ: 93, 86, 79. ನಾಲ್ಕೇ ದಿನಕ್ಕೆ ಬಾಯಿಪಾಠ. ಬಾಯಿಪಾಠ ಆದ ಮೇಲೆ ತಲೆಗೇನು ಕೆಲಸ, ಅಲ್ವಾ?

ಆಗ ಹೊನ್ನಾವರ ಕಡೆಯ ಒಬ್ಬ ಗೆಳೆಯ ತ್ರಿವುಡೆ ತಾಳ ಹೇಳಿಕೊಟ್ಟ. ಯಕ್ಷಗಾನದ ಆಟಗಳಲ್ಲಿ ಮದ್ದಳೆ ಬಾರಿಸಿದವನು ಅವನು. ಏಳು ಮಾತ್ರೆ, ಅಂದರೆ ಏಳು ಎಣಿಕೆ; ಹೆಜ್ಜೆಗೊಂದು ಮಾತ್ರೆ, ಮೊದಲನೆಯದಕ್ಕೆ ಮಾತ್ರ ಚಪ್ಪಾಳೆ. ಕೇಳೋಕೆ ಸುಲಭ. ಆದರೆ ಕಾಲು ಎರಡು, ಮಾತ್ರೆ ಏಳು. ಮೊದಲ ಚಪ್ಪಾಳೆ ಬಲಗಾಲಿಗೆ ಬಿದ್ದರೆ ಮುಂದಿನದು ಎಡಗಾಲಿಗೆ, ಅದರ ಮುಂದಿನದು ಮತ್ತೆ ಬಲಕ್ಕೆ. ನನ್ನ ಕೈ ಬಲಗಾಲನ್ನೇ ಕಾಯುತ್ತಿತ್ತು, ಎಡಗಾಲಿನ ಸರದಿ ಬಂದಾಗ ಮೈಯೆಲ್ಲ ನಿಂತುಬಿಡುತ್ತಿತ್ತು. ಕ್ರಿಕೆಟ್ ಆಡುತ್ತಿದ್ದ ಹುಡುಗರು ಆಟ ಬಿಟ್ಟು ನೋಡಿದರು. ಸುಮಾರು ಮೂರು ವಾರಕ್ಕೆ ಹಿಡಿತ ಬಂತು. ಆಮೇಲೆ ತಾಳ ತಪ್ಪದೆ ಸ್ಟಾಪುಗಳನ್ನು ಉಲ್ಟಾ ಹೇಳುವುದನ್ನೂ ಸೇರಿಸಿದೆ. ಅರ್ಧ ಗಂಟೆಗೇ ತಲೆ ಬೆವರುತ್ತದೆ.

ಒಂದು ತಪ್ಪನ್ನೂ ಹೇಳಬೇಕು. ಮಳೆಗಾಲದಲ್ಲಿ ಬೀಚು ಬಿಟ್ಟು ಹೆದ್ದಾರಿಯ ಅಂಚಿಗೆ ಇದನ್ನು ಮಾಡಿದೆ. ಹಿಂದಿನಿಂದ ಬಂದ ಬೈಕಿನ ಹಾರ್ನ್ ಕೇಳಲೇ ಇಲ್ಲ, ಸವಾರ ತೋಳು ಸವರಿಕೊಂಡೇ ಹೋದ. ಗಮನ ಎರಡು ಪಾಲಾದರೆ ಕಾಲೂ ತಪ್ಪುತ್ತದೆ. ಈಗ ನೀರಿನ ಅಂಚಿನ ಗಟ್ಟಿ ಮರಳಿನಲ್ಲಿ ಮಾತ್ರ. ಮಳೆ ಇದ್ದರೆ ಮನೆಯ ಜಗಲಿಯಲ್ಲಿ, ಕುರ್ಚಿ ಹಿಡಿದು, ನಿಂತಲ್ಲೇ ಹೆಜ್ಜೆ. ನಡೆಯುವಾಗ ತೂರಾಡುವವರು ಕೂತುಕೊಂಡೇ ಕಾಲು ತಟ್ಟಿದರೆ ಸಾಕು, ಶೂರತನ ಬೇಡ.

ಮರೆವು ಹೋಯ್ತಾ ಅಂತ ಕೇಳುತ್ತಾರೆ. ಕನ್ನಡಕ ಈಗಲೂ ಹುಡುಕುತ್ತೇನೆ. ಮೀನು ಮಾತ್ರ ಮತ್ತೆ ಬಿಟ್ಟುಬಂದಿಲ್ಲ. ಅದು ತಾಳದಿಂದಲೋ, ಬಿಪಿ ಗುಳಿಗೆಯಿಂದಲೋ, ಹೆಂಡತಿಯ ನಗುವಿಗೆ ಹೆದರಿಯೋ, ಹೇಗೆ ಹೇಳಲಿ? ತ್ರಿವುಡೆ ಈಗ ಸಲೀಸಾಗಿದೆ. ಅದಕ್ಕೇ ಕಳೆದ ವಾರ ಝಂಪೆ ತಾಳ ಶುರು ಮಾಡಿದೆ. ಹುಡುಗರು ಮತ್ತೆ ಆಟ ಬಿಟ್ಟು ನೋಡುತ್ತಿದ್ದಾರೆ.