ಕ್ಯಾನ್ಸರ್ ಇರುವ ಮನೆಗೆ ಹೊರಗಿನವರು ಮಾಡಬಹುದಾದ ಕೆಲಸ: ಕೊಡಗಿನ ಅನುಭವ

ಕ್ಯಾನ್ಸರ್ ರೋಗಿಗಳ ಮನೆಗೆ ನೆರವಿಗೆ ಹೋಗುವ ನಾವು ಔಷಧಿ ಕೊಡುವುದಿಲ್ಲ, ಡೋಸ್ ಹೇಳುವುದಿಲ್ಲ, ರಿಪೋರ್ಟ್ ನೋಡಿ ಅರ್ಥ ಬಿಡಿಸುವುದಿಲ್ಲ. ಇದೆಲ್ಲ ಬಿಟ್ಟ ಮೇಲೂ ಕೆಲಸ ರಾಶಿ ಇದೆ. ಕೊಡಗಿಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಅದರ ಎರಡರಷ್ಟಕ್ಕೂ ಮೇಲೆ. ವಾಹನ ಕೈಕೊಟ್ಟಿತು, ಜೊತೆಗೆ ಹೋಗುವವರಿಲ್ಲ, ಯಾವುದೋ ಕಾಗದ ಸರಿಯಿಲ್ಲ: ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಇಂಥದ್ದಕ್ಕೇ.

ಮೊದಲ ಭೇಟಿಯಲ್ಲಿ ಒಳಗೆ ಹೋಗುವ ಮುಂಚೆ, ಅಂಗಳದಲ್ಲೇ ಮನೆಯವರನ್ನು ಕೇಳಿ: ‘ಕಾಯಿಲೆ ಏನು ಅಂತ ಅವರಿಗೆ ಹೇಳಿದ್ದೀರಾ?’ ಅನೇಕ ಮನೆಗಳಲ್ಲಿ ‘ಗಡ್ಡೆ’ ಎಂದಷ್ಟೇ ಹೇಳಿರುತ್ತಾರೆ. ನಾವಾಗಿ ಬಾಯಿ ಬಿಡಬಾರದು, ಸುಳ್ಳೂ ಹೇಳಬಾರದು. ರೋಗಿಯೇ ಕೇಳಿದರೆ, ‘ಅಕ್ಕಾ, ನಿಮಗೆ ಏನನ್ನಿಸುತ್ತಿದೆ? ಡಾಕ್ಟರನ್ನೇ ಕೇಳೋಣ, ನಾನೂ ಬರುತ್ತೇನೆ’ ಎನ್ನಿ. ಜೀಪಿನ ಡ್ರೈವರ್‌ಗೂ ಇದನ್ನು ಮೊದಲೇ ಹೇಳಿಡಿ; ಗುಟ್ಟು ಹೊರಬೀಳುವುದು ಸಾಮಾನ್ಯವಾಗಿ ದಾರಿಯಲ್ಲೇ.

ಆಮೇಲೆ ಫೈಲು. ಬಯಾಪ್ಸಿ (ಗಡ್ಡೆಯ ತುಣುಕಿನ ಪರೀಕ್ಷೆ) ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್, ರಕ್ತದ ರಿಪೋರ್ಟು ತಾರೀಖಿನ ಪ್ರಕಾರ, ಹೊಸದು ಮೇಲೆ. ಆಧಾರ್, ರೇಷನ್ ಕಾರ್ಡ್ ಮತ್ತು ರೆಫರಲ್ ಪತ್ರದ ಮೂರು ಮೂರು ಜೆರಾಕ್ಸ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ ಸರ್ಕಾರ ಕೊಡುತ್ತದೆ, ವರ್ಷದ ಮಿತಿ 1.5 ಲಕ್ಷ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ತೊಡಕು ಬರುವುದು ಹೆಸರಿನಲ್ಲಿ. ಒಂದು ಕಾರ್ಡಿನಲ್ಲಿ ಮನೆತನದ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್. ಲೈನ್ ಮನೆಯವರ (ಕಾಫಿ ತೋಟದ ಸಾಲುಮನೆಗಳಲ್ಲಿರುವ ಕೂಲಿ ಕಾರ್ಮಿಕರ) ರೇಷನ್ ಕಾರ್ಡ್ ಎಷ್ಟೋ ಸಲ ಬೇರೆ ತಾಲ್ಲೂಕಿನಲ್ಲೋ ಬೇರೆ ರಾಜ್ಯದಲ್ಲೋ ಇರುತ್ತದೆ. ಅಡ್ಮಿಟ್ ಆಗುವ ದಿನ ಕೌಂಟರಿನಲ್ಲಿ ಇದು ಬಗೆಹರಿಯುವುದಿಲ್ಲ, ಮೊದಲ ವಾರವೇ ತಿದ್ದಿಸಿ. ಬಯಾಪ್ಸಿಯ ತುಣುಕನ್ನು ಇಟ್ಟಿರುವ ಮೇಣದ ಬ್ಲಾಕನ್ನು ಇನ್ನೊಂದು ಆಸ್ಪತ್ರೆಗೆ ಒಯ್ಯುವಾಗ ಬಿಸಿಲು ಬೀಳುವ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ, ಮೆತ್ತಗಾಗುತ್ತದೆ.

ಕೀಮೋ ಅನೇಕರಿಗೆ 21 ದಿನಕ್ಕೊಮ್ಮೆ ಇರುತ್ತದೆ. ಅದಕ್ಕೆ ಮೊದಲು ರಕ್ತ ಪರೀಕ್ಷೆ. ಕೌಂಟ್ (ರಕ್ತಕಣಗಳ ಸಂಖ್ಯೆ) ಕಡಿಮೆ ಇದ್ದರೆ ಕೀಮೋ ಮುಂದೂಡುತ್ತಾರೆ. ಅಷ್ಟು ದೂರ ಹೋಗಿ ಬರಿಗೈಲಿ ವಾಪಸಾಗುವುದು ಬೇಡವೆಂದರೆ, ಆಸ್ಪತ್ರೆಯವರು ಒಪ್ಪಿದಲ್ಲಿ ಹಿಂದಿನ ದಿನ ಊರಲ್ಲೇ ಪರೀಕ್ಷೆ ಮಾಡಿಸಿ ರಿಪೋರ್ಟಿನ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ‘ಬನ್ನಿ’ ಅಂದ ಮೇಲೆ ವಾಹನ ಹೊರಡಲಿ.

ವಾಹನ ಅಂದರೆ ಕಾರು, ಮುಂದಿನ ಸೀಟು ಹಿಂದಕ್ಕೆ ಒರಗಿಸಿ. ಹೊಟ್ಟೆಯ ಆಪರೇಷನ್ ಆದವರಿಗೂ ಬೆನ್ನುಮೂಳೆ ನೋವಿನವರಿಗೂ ಜೀಪಿನ ಹಿಂಬದಿ ಶಿಕ್ಷೆಯೇ ಸರಿ. ಬೆಲ್ಟಿಗೂ ಹೊಟ್ಟೆಗೂ ನಡುವೆ ತೆಳು ದಿಂಬು, ಕೈಗೆಟುಕುವಂತೆ ಪ್ಲಾಸ್ಟಿಕ್ ಕವರ್, ನೀರು, ಒಂದು ಟವೆಲ್. ತಿತಿಮತಿ, ಸಿದ್ದಾಪುರದ ಕಡೆಯಿಂದ ನಸುಕಿನಲ್ಲಿ ಹೊರಡಬೇಡಿ, ರಸ್ತೆಯಲ್ಲಿ ಆನೆ ಇರುತ್ತದೆ. ಅಪಾಯಿಂಟ್‌ಮೆಂಟ್ ಅದಕ್ಕೆ ತಕ್ಕಂತೆ ಕೇಳಿ ಪಡೆಯಿರಿ. ನವೆಂಬರ್‌ನಿಂದ ಕಾಫಿ ಕೊಯ್ಲು ಮುಗಿಯುವವರೆಗೆ ಜೊತೆಗೆ ಹೋಗುವವರೇ ಸಿಗುವುದಿಲ್ಲ. ಲೈನ್ ಮನೆಯವರಿಗೆ ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತು. ದಾನ ಕೊಡುವವರಿಗೆ ಅಕ್ಕಿ ಮೂಟೆ ಕೊಡುವುದೇ ಇಷ್ಟ. ಬೇಕಾಗಿರುವುದು ಈ ಕೂಲಿ ಮತ್ತು ಪೆಟ್ರೋಲ್. ತೋಟದ ರೈಟರ್ (ಕೂಲಿಯವರ ಹಾಜರಿ, ಲೆಕ್ಕ ನೋಡುವವರು) ಜೊತೆ ಮೊದಲೇ ಮಾತಾಡಿಕೊಂಡರೆ ರಜೆಯಾದರೂ ಸಿಗುತ್ತದೆ.

ರೇಡಿಯೇಷನ್ ವಾರಕ್ಕೆ ಐದು ದಿನ, ಹಲವು ವಾರ. ದಿನಾ ಓಡಾಡುವುದು ಆಗದ ಮಾತು, ನಡುವೆ ತಪ್ಪಿಸಿದರೆ ಚಿಕಿತ್ಸೆಯ ಬಲವೇ ಕುಗ್ಗುತ್ತದೆ. ಆಸ್ಪತ್ರೆಯ ಧರ್ಮಶಾಲೆಯಲ್ಲೋ ಹತ್ತಿರದ ರೂಮಿನಲ್ಲೋ ಉಳಿಸಿ. ರೂಮ್ ನೋಡುವಾಗ ಮೆಟ್ಟಿಲು ಎಷ್ಟು, ಕಮೋಡ್ ಇದೆಯಾ, ಗಂಜಿ ಬೇಯಿಸಲು ಬಿಡುತ್ತಾರಾ ಎಂದು ಕೇಳಿ. ರೇಡಿಯೇಷನ್ ಕೊಡುವ ಜಾಗಕ್ಕೆಂದು ಮೈಮೇಲೆ ಹಾಕಿದ ಗುರುತು ಉಜ್ಜಿ ತೊಳೆಯಬಾರದು ಎಂದು ಜೊತೆಗಿರುವವರಿಗೆ ನೆನಪಿಸಿ.

ಕೀಮೋ ಆಗಿ ಒಂದು ವಾರದಿಂದ ಎರಡು ವಾರದ ನಡುವೆ ಸೋಂಕಿನ ಭಯ ಹೆಚ್ಚು. ನಮ್ಮಲ್ಲಿ ಸುದ್ದಿ ತಿಳಿದರೆ ಇಡೀ ಒಕ್ಕ (ಕೊಡವ ಮನೆತನ) ನೋಡಲು ಬರುತ್ತದೆ. ಬೇಡ ಎನ್ನಲು ಮನೆಯವರಿಗೆ ನಾಲಗೆ ಏಳುವುದಿಲ್ಲ. ಆ ಮಾತನ್ನು ನಾವೇ ಹೇಳುತ್ತೇವೆ, ಬೈಗುಳ ನಮಗಿರಲಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ಮಾತ್ರೆ ನುಂಗಿಸಿ ಜ್ವರ ಮುಚ್ಚುವಂತೆಯೂ ಇಲ್ಲ. ಆಸ್ಪತ್ರೆಗೆ ಫೋನ್ ಮಾಡಿ ತಕ್ಷಣ ಹೊರಡಬೇಕು. ಅದಕ್ಕೇ ಥರ್ಮಾಮೀಟರ್ ನಾವೇ ಕೊಟ್ಟು, ನಂಬರುಗಳನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸುತ್ತೇವೆ. ವಾಹನಕ್ಕೆ ಇಬ್ಬರ ಹೆಸರು, ಒಬ್ಬರದು ಸಾಲದು.

ಬಾಯಿ ಹುಣ್ಣಾದಾಗ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ), ಮೆಣಸು, ಖಾರ ದೂರ. ತಣಿದ ಗಂಜಿ, ಹಾಲಲ್ಲಿ ನೆನೆಸಿದ ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಇಳಿಯುತ್ತದೆ, ಸ್ವಲ್ಪ ಸ್ವಲ್ಪ, ಎರಡು ಗಂಟೆಗೊಮ್ಮೆ. ಸೌದೆ ಹೊಗೆಗೂ ಒಗ್ಗರಣೆ ವಾಸನೆಗೂ ವಾಕರಿಕೆ ಬರುವುದರಿಂದ ಕೆಲವು ದಿನ ಪಕ್ಕದ ಮನೆಯಲ್ಲಿ ಬೇಯಿಸಿ ತರುವುದು ಲೇಸು. ನಾಟಿ ಔಷಧಿ ವಿಷಯದಲ್ಲಿ ವಾದ ಹೂಡಬೇಡಿ. ತೆಗೆದುಕೊಳ್ಳುತ್ತಿರುವುದನ್ನು ಡಾಕ್ಟರಿಗೆ ಹೇಳಿದರೆ ಸಾಕು ಎಂದು ಕೇಳಿಕೊಳ್ಳಿ.

ಜೂನ್‌ನಿಂದ ಲೆಕ್ಕವೆಲ್ಲ ಬದಲಾಗುತ್ತದೆ. ಭಾಗಮಂಡಲ–ನಾಪೋಕ್ಲು ಕಡೆ ರಸ್ತೆ ಮೇಲೆ ನೀರು, ಎಲ್ಲೆಡೆ ಮರ ಬಿದ್ದು ಕರೆಂಟಿಲ್ಲ, ಟವರ್ ಇಲ್ಲ. ತಿಂಗಳ ಔಷಧಿಗೆ ಹತ್ತು ದಿನದ್ದು ಸೇರಿಸಿ ಬರೆದುಕೊಡಿ ಎಂದು ಮೇ ತಿಂಗಳಲ್ಲೇ ಡಾಕ್ಟರನ್ನು ಕೇಳಿ. ಹಾಸಿಗೆ ಹಿಡಿದವರಿಗೆ ಏರ್‌ಬೆಡ್ ಕೊಡುವ ಮುಂಚೆ ಯೋಚಿಸಿ: ಅದರ ಪಂಪಿಗೆ ಕರೆಂಟ್ ಬೇಕು, ಕರೆಂಟ್ ಹೋದರೆ ಗಾಳಿ ಇಳಿದು ಬೆನ್ನು ಹಲಗೆಗೆ ತಾಗುತ್ತದೆ. ಮಳೆಗಾಲಕ್ಕೆ ದಪ್ಪ ಫೋಮ್ ಹಾಸಿಗೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೇ ಸರಿ. ಆ ಫೋಮಿಗೆ ರೆಕ್ಸಿನ್ ಹೊದಿಕೆ ಹೊಲಿಸಿ, ಇಲ್ಲವಾದರೆ ಬೂಷ್ಟು ಹಿಡಿದು ಮುಂದಿನ ಮನೆಗೆ ಕೊಡಲು ಬರುವುದಿಲ್ಲ.