ಬಸ್ಸು ಮಗುಚುವ ಕೆಲಸ

"ಎಂತ ಮಗ, ದಿನಾ ಬಸ್ ಮಗುಚುವುದೇ ಕೆಲಸವಾ? ಒಂದು ದಿನವಾದ್ರೂ ಎತ್ತಿ ನಿಲ್ಲಿಸಬಾರದಾ?"

ಚಹಾ ತಂದ ಅಮ್ಮ ಸ್ಕ್ರೀನ್ ನೋಡಿ ಕೇಳಿದ್ದು. ಪುಣೆಯಲ್ಲಿ ಒಂಬತ್ತು ವರ್ಷ ಕಂಪ್ಯೂಟರಿನೊಳಗೆ ಕಾರುಗಳನ್ನು ಗೋಡೆಗೆ ಗುದ್ದಿಸಿದೆ. ಈಗ ಉಡುಪಿಯ ಮನೆಯಲ್ಲೇ ಕೂತು ಸಣ್ಣಪುಟ್ಟ ಕೆಲಸ ಹಿಡಿದು ಮಾಡುತ್ತಿದ್ದೇನೆ. ಹಾಗೆ ಬಂದದ್ದೇ ಈ ಬಸ್ಸು. ಮಂಗಳೂರಿನ ಬೈಕಂಪಾಡಿ ಕಡೆ ಬಸ್ಸಿನ ಬಾಡಿ ಕಟ್ಟುವ ಒಂದು ಯಾರ್ಡಿನವರು ಹೊಸ ಬಾಡಿ ಕಟ್ಟಬೇಕೆಂದಿದ್ದರು. ಪರೀಕ್ಷೆಗೆ ಕಳಿಸುವ ಮೊದಲು ಒಮ್ಮೆ ಲೆಕ್ಕ ಹಾಕಿ ನೋಡಿ ಎಂದರು.

ಪರೀಕ್ಷೆ ಹೇಗೆಂದರೆ, ಬಸ್ಸನ್ನು ಒಂದು ವೇದಿಕೆ ಮೇಲೆ ನಿಲ್ಲಿಸಿ ನಿಧಾನಕ್ಕೆ ಓರೆ ಮಾಡುತ್ತಾ ಹೋಗುತ್ತಾರೆ. ಸೆಕೆಂಡಿಗೆ 5 ಡಿಗ್ರಿ ದಾಟುವಂತಿಲ್ಲ. ಒಂದು ಹಂತದಲ್ಲಿ ಬಸ್ಸು ತಾನಾಗಿಯೇ ಉರುಳಿ 800 ಮಿಲಿಮೀಟರ್ ಕೆಳಗಿರುವ ಕಾಂಕ್ರೀಟ್ ನೆಲಕ್ಕೆ ಬೀಳುತ್ತದೆ. ವಿಶ್ವಸಂಸ್ಥೆಯ 66ನೇ ನಿಯಮ ಇದು. ನಮ್ಮಲ್ಲಿ ಅದೇ ಮಾದರಿಯ ಮಾನದಂಡಕ್ಕೆ ಎಐಎಸ್ 031 ಅನ್ನುತ್ತಾರೆ. ಬಿದ್ದ ಮೇಲೆ ಕಿಟಕಿಗಳ ನಡುವಿನ ಪಿಲ್ಲರ್ ಆಗಲಿ ಮೇಲಿನ ಮಾಡು (ಛಾವಣಿ) ಆಗಲಿ ಪ್ರಯಾಣಿಕರ ಸುತ್ತ ಗೆರೆ ಎಳೆದಿಟ್ಟ ಜಾಗದೊಳಗೆ ಬರಬಾರದು. ಆ ಗೆರೆ ಸೀಟಿನ ಹತ್ತಿರ ನೆಲದಿಂದ 500 ಮಿ.ಮೀ. ಎತ್ತರದಲ್ಲಿ ಪಕ್ಕದ ಗೋಡೆಯಿಂದ 150 ಮಿ.ಮೀ. ಒಳಗಿರುತ್ತದೆ. ಮೇಲೆ ಹೋದ ಹಾಗೆ ಇನ್ನೂ ಒಳಕ್ಕೆ ವಾಲುತ್ತದೆ. ಕೆಲಸದಲ್ಲಿರುವವರು ಇದಕ್ಕೆ ಸರ್ವೈವಲ್ ಸ್ಪೇಸ್ ಅನ್ನುತ್ತಾರೆ. ಇಡೀ ಬಸ್ ಬೀಳಿಸುವ ಬದಲು ಕಂಪ್ಯೂಟರ್ ಲೆಕ್ಕ ಕೊಟ್ಟರೂ ನಿಯಮ ಒಪ್ಪುತ್ತದೆ. ಆದರೆ ಆ ಲೆಕ್ಕ ನಿಜವೆಂದು ಮೊದಲು ತೋರಿಸಿಕೊಡಬೇಕು. ನನ್ನ ಕಥೆ ಪೂರ್ತಿ ಆ "ಆದರೆ"ಯಲ್ಲೇ ಉಂಟು.

ಬಸ್ಸು ಮೆಲ್ಲಗೆ ಬೀಳುವ ಹಾಗೆ ಕಾಣುತ್ತದೆ, ಅಲ್ವಾ? 10 ಟನ್ ಬಸ್ಸಿನ ಭಾರದ ಕೇಂದ್ರ 0.9 ಮೀಟರ್ ಇಳಿದರೆ ಸುಮಾರು 88 ಕಿಲೋಜೂಲ್ ಶಕ್ತಿ. 1 ಟನ್ ತೂಕದ ಕಾರು ಗಂಟೆಗೆ 48 ಕಿ.ಮೀ. ವೇಗದಲ್ಲಿ ಹೋಗುವಾಗ ಅದರಲ್ಲಿರುವಷ್ಟೇ. ಕಾರಿನಲ್ಲಿ ಅದನ್ನು ನುಂಗಲು ಮುಂದೆ ಬಾನೆಟ್ ಇದೆ, ಚೌಕಟ್ಟಿನ ಉದ್ದುದ್ದ ಉಕ್ಕಿನ ತೊಲೆಗಳಿವೆ. ಬಸ್ಸಿನಲ್ಲಿ ಕಿಟಕಿಗಳ ನಡುವಿನ ಬಾಕ್ಸ್ ಪೈಪುಗಳೇ ನುಂಗಬೇಕು.

ಸಾಲ್ವರ್, ಅಂದರೆ ಲೆಕ್ಕ ಬಿಡಿಸುವ ತಂತ್ರಾಂಶ, ಆಗಿ ಓಪನ್‌ರೇಡಿಯಾಸ್ ಬಳಸಿದೆ. 2022ರಿಂದ ಅದು ಮುಕ್ತವಾಗಿ ಸಿಗುತ್ತದೆ. ಪುಣೆಯಲ್ಲಿ ನಾನು ಕೈ ಪಳಗಿಸಿದ್ದು ಎಲ್‌ಎಸ್-ಡೈನಾ ಎಂಬ ಇನ್ನೊಂದು ಸಾಲ್ವರ್‌ನಲ್ಲಿ. ಅದರ ಬೇರು 1976ರಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್‌ಕ್ವಿಸ್ಟ್ ಬರೆದ ಡೈನಾ3ಡಿ. ವಿಮಾನದಿಂದ ಬಿದ್ದ ಬಾಂಬು ನೆಲಕ್ಕೆ ಬಡಿದಾಗ ಅದರ ಗತಿ ಏನೆಂದು ನೋಡಲು ಹುಟ್ಟಿದ ಲೆಕ್ಕ ಈಗ ಬಸ್ ಪ್ರಯಾಣಿಕರ ತಲೆ ಕಾಯುತ್ತಿದೆ. ಹೊಸದಾಗಿ ಕಲಿಯುವವರು ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯ ಉಚಿತವಾಗಿ ಕೊಡುವ 2010ರ ಟೊಯೊಟಾ ಯಾರಿಸ್ ಮಾಡೆಲ್‌ನಿಂದ ಶುರು ಮಾಡಬಹುದು. ನಾನು ಕಲಿಯುವಾಗ ಅದನ್ನು ಎಷ್ಟು ಸಲ ಜಜ್ಜಿದ್ದೇನೋ ಲೆಕ್ಕವಿಲ್ಲ.

ಮೊದಲ ಎರಡು ವಾರ ಮೆಶ್‌ನಲ್ಲೇ, ಅಂದರೆ ಬಸ್ಸನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆಯುವುದರಲ್ಲೇ, ಹೋಯಿತು. ಪೈಪುಗಳಿಗೆ 10 ಮಿ.ಮೀ., ಜಾಯಿಂಟುಗಳ ಹತ್ತಿರ 5 ಮಿ.ಮೀ. ಚೌಕ. ಇದರಲ್ಲಿ ಒಂದು ಸೂಕ್ಷ್ಮ ಉಂಟು. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ಓಡುತ್ತದೆ. ಕಂಪ್ಯೂಟರ್ ಕಾಲವನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಲೆಕ್ಕ ಹಾಕುತ್ತದೆ, ಒಂದು ಹೆಜ್ಜೆಯಲ್ಲಿ ಶಬ್ದ ಒಂದು ಚೌಕವನ್ನು ದಾಟಿ ಹೋಗಬಾರದು. ಹಾಗಾಗಿ 5 ಮಿ.ಮೀ. ಚೌಕಕ್ಕೆ ಒಂದು ಹೆಜ್ಜೆ ಎಂದರೆ ಒಂದು ಮೈಕ್ರೋಸೆಕೆಂಡು. 300 ಮಿಲಿಸೆಕೆಂಡಿಗೆ 3 ಲಕ್ಷ ಹೆಜ್ಜೆ. ಎಲ್ಲೋ ಮೂಲೆಯಲ್ಲಿ 1 ಮಿ.ಮೀ. ಚೌಕ ಒಂದು ಉಳಿದುಬಿಟ್ಟರೆ ಅದೊಂದರಿಂದಾಗಿ 15 ಲಕ್ಷ. ಊಟದ ಪಂಕ್ತಿಯಲ್ಲಿ ಒಬ್ಬರು ನಿಧಾನಕ್ಕೆ ಉಣ್ಣುತ್ತಿದ್ದರೆ ಯಾರೂ ಏಳುವ ಹಾಗಿಲ್ಲವಲ್ಲ, ಹಾಗೆ. ತೂಕ ಸ್ವಲ್ಪ ಸೇರಿಸಿ ಹೆಜ್ಜೆ ದೊಡ್ಡದು ಮಾಡುವ ಉಪಾಯವೂ ಇದೆ. ಜಾಸ್ತಿ ಸೇರಿಸಿದರೆ ನೀವು ಬೀಳಿಸುವುದು ಬೇರೆಯೇ ಬಸ್ಸು.

ಬಸ್ಸು ಓರೆಯಾಗಿ ನೆಲ ಮುಟ್ಟುವವರೆಗಿನ ಬೀಳುವಿಕೆಯನ್ನು ಕಂಪ್ಯೂಟರಿಗೆ ಕೊಡಲೇ ಇಲ್ಲ. ಅಲ್ಲಿ ಏನೂ ಬಗ್ಗುವುದಿಲ್ಲ. ನೆಲ ಮುಟ್ಟುವ ಕ್ಷಣದ ತಿರುಗುವ ವೇಗವನ್ನು ಕಾಗದದಲ್ಲೇ ಲೆಕ್ಕ ಹಾಕಿ ಅಲ್ಲಿಂದ ಶುರು ಮಾಡಿದೆ. ಆದರೂ ಒಂದು ರನ್‌ಗೆ, ಅಂದರೆ ಒಂದು ಸಲದ ಪೂರ್ತಿ ಲೆಕ್ಕಕ್ಕೆ, ಹದಿನೆಂಟು ಗಂಟೆ. ಮಳೆಗಾಲ ಬೇರೆ. ಮಣಿಪಾಲ ಕಡೆ ಸಿಡಿಲು ಬಡಿದರೆ ನಮ್ಮ ಬೀದಿಯಲ್ಲಿ ಕರೆಂಟ್ ಇಲ್ಲ. ನಿಂತಲ್ಲಿಂದಲೇ ಮುಂದುವರಿಸಲು ಬೇಕಾದ ರೀಸ್ಟಾರ್ಟ್ ಫೈಲ್ ಬರೆಸದೆ ರನ್ ಬಿಡುವ ಧೈರ್ಯ ರನ್ ಶುರುವಾದ ಎರಡನೇ ವಾರಕ್ಕೇ ಹೋಯಿತು.

ಮೊದಲ ಪೂರ್ತಿ ರನ್ ಪಾಸ್! ಪಿಲ್ಲರ್‌ಗಳು ಬುಡದಲ್ಲಿ ಚೆಂದಕ್ಕೆ ಬಗ್ಗಿದ್ದವು. ಗೆರೆಗೆ ಇನ್ನೂ 70 ಮಿ.ಮೀ. ಬಾಕಿ. ಲೆಕ್ಕದ ದೋಷದಿಂದ ಚೌಕಗಳು ಸುಳ್ಳೇ ಸೊಟ್ಟಗಾಗಿ ತಿನ್ನುವ ಹುಸಿ ಶಕ್ತಿ, ಅಂದರೆ ಹವರ್‌ಗ್ಲಾಸ್, ಶೇಕಡಾ 2 ಮಾತ್ರ. 5 ದಾಟಿದರೆ ನಾನು ಆ ರನ್ ಬಿಸಾಡುತ್ತೇನೆ. ವಿಡಿಯೋ ಲ್ಯಾಪ್‌ಟಾಪಿಗೆ ಹಾಕಿಕೊಂಡು ಜಂಬದಲ್ಲೇ ಯಾರ್ಡಿಗೆ ಹೋದೆ.

ಅಲ್ಲಿನ ಹಿರಿಯ ಮೇಸ್ತ್ರಿ ಎರಡು ಸಲ ನೋಡಿದರು. ಮೂರನೇ ಸಲ ಪಿಲ್ಲರ್ ಬುಡಕ್ಕೆ ಬೆರಳಿಟ್ಟು ಕೇಳಿದರು. "ಇಂಜಿನಿಯರ್ರೇ, ನಿಮ್ಮ ಕಂಪ್ಯೂಟರ್‌ನಲ್ಲಿ ವೆಲ್ಡಿಂಗ್ ಉಂಟಾ?"

ಇರಲಿಲ್ಲ. ಪೈಪಿಗೆ ಪೈಪನ್ನು ನೇರ ಅಂಟಿಸಿದ್ದೆ. ನನ್ನ ಮಾಡೆಲ್‌ನಲ್ಲಿ ಅವು ಒಂದೇ ತುಂಡು. ಕಾರಿನ ಕೆಲಸದಲ್ಲಿ ಸಾವಿರಾರು ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಇಡುತ್ತಿದ್ದವನು ಬಸ್ಸಿನಲ್ಲಿ ಕೈಯಲ್ಲಿ ಹಾಕುವ ವೆಲ್ಡ್ ಅನ್ನು ಸುಮ್ನೆ ದಾಟಿ ಹೋಗಿದ್ದೆ.

ಯಾರ್ಡಿನವರ ಹತ್ತಿರ ಎರಡು ಜಾಯಿಂಟ್ ಮಾಡಿಸಿದೆ. ಬಸ್ಸಿಗೆ ಮಾಡುವ ಹಾಗೇ, ಅದೇ ಪೈಪು, ಅದೇ ವೆಲ್ಡಿಂಗ್ ರಾಡು, ವೆಲ್ಡ್ ಹಾಕುವ ಅದೇ ಹುಡುಗ. ನೆಲಕ್ಕೆ ಬಿಗಿದ ಚೌಕಟ್ಟಿನಲ್ಲಿ ನಿಲ್ಲಿಸಿ ಹೈಡ್ರಾಲಿಕ್ ಜ್ಯಾಕ್‌ನಿಂದ ತಳ್ಳಿದೆವು. ನಡುವೆ ತಳ್ಳುವ ಬಲ ಅಳೆಯಲು ಒಂದು ಲೋಡ್ ಸೆಲ್. ಕೋನ ಅಳೆಯಲು ಪಿಲ್ಲರ್ ಮೇಲೆ ಮೊಬೈಲ್ ಟೇಪ್ ಹಾಕಿ ಅಂಟಿಸಿದ್ದು. ನಗಬೇಡಿ, ಡಿಗ್ರಿ ಲೆಕ್ಕಕ್ಕೆ ಅದು ಸಾಕು. ನನ್ನ ಮಾಡೆಲ್‌ನಲ್ಲಿ ಆ ಪಿಲ್ಲರ್ 30 ಡಿಗ್ರಿವರೆಗೂ ಸಲೀಸಾಗಿ ಬಗ್ಗಿತ್ತು. ಯಾರ್ಡಿನಲ್ಲಿ 11 ಡಿಗ್ರಿಗೆ ಟಪ್ ಎಂದು ಸದ್ದಾಯಿತು. ವೆಲ್ಡ್ ಅಲ್ಲ, ವೆಲ್ಡಿನ ಪಕ್ಕದ ಪೈಪು ಬಿರಿದಿತ್ತು. ಬೆಸುಗೆಯ ಕಾವಿಗೆ ಆ ಪಟ್ಟಿಯ ಗುಣವೇ ಬದಲಾಗಿರುತ್ತದೆ. ಜಾಸ್ತಿ ಬಗ್ಗುವ ಜಾಗವೂ ಅದೇ. ಎರಡನೆಯ ತುಂಡೂ ಹೆಚ್ಚು ಕಡಿಮೆ ಅಲ್ಲೇ ಬಿಟ್ಟಿತು.

ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿದರೆ ಇನ್ನೊಂದು. ಬಿಲ್ಲಿನಲ್ಲಿ 2 ಮಿ.ಮೀ. ಎಂದಿದ್ದ ಪೈಪು ಕೈಯಲ್ಲಿ 1.8. ಯಾರು ಕೊಟ್ಟದ್ದು ಅಂತ ಬರೆಯುವುದಿಲ್ಲ. ನಾನು ಅಳೆಯದೆ ಬಿಲ್ ನೋಡಿ ಮಾಡೆಲ್ ಮಾಡಿದ್ದೂ ತಪ್ಪೇ.

ಮನೆಗೆ ಬಂದು ದಪ್ಪ ಸರಿ ಮಾಡಿದೆ. ವೆಲ್ಡಿನ ಪಕ್ಕ ಒಂದು ಪಟ್ಟಿಗೆ ಬೇರೆ ಗುಣ ಕೊಟ್ಟೆ. ಎಷ್ಟು ಎಳೆದರೆ ಬಿರಿಯಬೇಕು ಎಂಬ ಅಂಕಿಯನ್ನು ಜ್ಯಾಕಿನ ಪರೀಕ್ಷೆಯ ಗ್ರಾಫಿಗೆ ನನ್ನ ಲೆಕ್ಕದ ಗ್ರಾಫ್ ಕೂಡುವ ತನಕ ತಿದ್ದಿದೆ. ಪುಸ್ತಕದ ಅಂಕಿ ಅಲ್ಲ ಇದು, ಆ ಹುಡುಗನ ಕೈಯ ಅಂಕಿ. ವೇಗವಾಗಿ ಎಳೆದರೆ ಉಕ್ಕು ಗಟ್ಟಿಯಾಗುತ್ತದೆ. ಅದಕ್ಕೆ ಕೌಪರ್-ಸೈಮಂಡ್ಸ್ ಸೂತ್ರ. ಅದರ ಎರಡು ಸ್ಥಿರಾಂಕಗಳಿಗೆ ಮೆದು ಉಕ್ಕಾದರೆ ಸಾಮಾನ್ಯವಾಗಿ 40 ಮತ್ತು 5 ಎಂಬ ಜೋಡಿ ಹಾಕುತ್ತಾರೆ. ಆದರೆ ಜ್ಯಾಕ್ ತಳ್ಳುವುದು ನಿಧಾನಕ್ಕೆ, ಆ ಲಾಭವನ್ನು ಅದು ತೋರಿಸುವುದಿಲ್ಲ. ಹಾಗಾಗಿ ಸೂತ್ರ ಹಾಕಿ ಒಂದು ರನ್, ಹಾಕದೆ ಒಂದು ರನ್. ಹಾಕದೆಯೂ ಪಾಸಾದರೆ ಮಾತ್ರ ಪಾಸ್.

ಎರಡರಲ್ಲೂ ಫೇಲ್. ಮೂರು ಪಿಲ್ಲರ್ ಬುಡ ಬಿಟ್ಟು ಗೆರೆ ದಾಟಿ ಒಳಗೆ ಬಂದವು. ಮೊದಲ ಉಪಾಯ ಎಲ್ಲರಿಗೂ ಹೊಳೆಯುವುದೇ, ದಪ್ಪ ಗಸೆಟ್, ಅಂದರೆ ಮೂಲೆಗೆ ಆಸರೆಯಾಗಿ ಬೆಸೆಯುವ ತಗಡು. ಹಾಕಿದೆ. ಬುಡ ಗಟ್ಟಿಯಾಯಿತು, ಗಸೆಟ್‌ನ ತುದಿಯಲ್ಲಿ ಪಿಲ್ಲರ್ ಮಡಚಿತು, ಅಲ್ಲಿಯೂ ಒಂದು ವೆಲ್ಡ್ ಇತ್ತು. ರೋಗ ಒಂದು ಮೊಳ ಮೇಲೆ ಹೋಯಿತು ಅಷ್ಟೇ. ಪಿಲ್ಲರ್ ಬಗ್ಗಬೇಕು, ಬಗ್ಗಿದರೇ ಶಕ್ತಿ ನುಂಗುವುದು. ಬಿರಿಯಬಾರದು. ಕೊನೆಗೆ ಮೇಸ್ತ್ರಿಯವರ ಮಾತಿನಂತೆ ಪಿಲ್ಲರ್ ಅನ್ನು ನೆಲದ ಅಡ್ಡ ಪೈಪಿನ ಮೇಲೆ ನಿಲ್ಲಿಸದೆ ಪಕ್ಕದಿಂದ ಕೆಳಗೆ ಇಳಿಸಿದೆವು. ಬೆಸುಗೆ ಬಗ್ಗುವ ಜಾಗದಿಂದ ದೂರ ಹೋಯಿತು. ಆರನೇ ರನ್‌ಗೆ 40 ಮಿ.ಮೀ. ಉಳಿಯಿತು. ಮೊದಲಿನ 70ಕ್ಕಿಂತ ಕಡಿಮೆ, ಆದರೆ ಈ 40 ನಂಬುವಂಥದ್ದು.

ಸ್ಫೋಟದ ಲೆಕ್ಕ ಬೇರೆಯೇ ಜಾತಿ. ಪುಣೆಯಲ್ಲಿ ಕೆಲವು ತಿಂಗಳು, ಕೆಳಗೆ ಸ್ಫೋಟವಾದರೆ ಕವಚದ ವಾಹನದ ತಳಕ್ಕೆ ಏನಾಗುತ್ತದೆಂದು ನೋಡಿದ್ದೆ. ಕಾರಿನ ಅಪಘಾತ ನೂರು ಮಿಲಿಸೆಕೆಂಡಿನ ಆಟ. ಸ್ಫೋಟದಲ್ಲಿ ತಳಕ್ಕೆ ಬಡಿಯುವ ಒತ್ತಡ ಒಂದೆರಡು ಮಿಲಿಸೆಕೆಂಡಿನಲ್ಲೇ ಮುಗಿಯುತ್ತದೆ, ಸೀಟಿನಲ್ಲಿರುವವನ ಬೆನ್ನುಮೂಳೆಗೆ ಪೆಟ್ಟು ಆಮೇಲೆ. ಸ್ಫೋಟಕ ಎಂಟು ಪಟ್ಟಾದರೆ ಅದೇ ಒತ್ತಡ ಸಿಗುವ ದೂರ ಎರಡೇ ಪಟ್ಟು. ಇದು ಗೊತ್ತಿದ್ದ ನೆಂಟರೊಬ್ಬರು, 2013ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿದ್ದನ್ನೂ ಹೀಗೇ ತೋರಿಸಬಹುದಾ ಎಂದು ಕೇಳಿದರು. ಆಗುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ನೆಲಕ್ಕೆ ಅಂಟಿಕೊಂಡು ತಗ್ಗಿನ ಕಡೆ ಹರಿದು, ಎಲ್ಲೋ ಕಿಡಿ ಸಿಕ್ಕಾಗ ಹತ್ತುತ್ತದೆ. ಅದನ್ನು ಇಷ್ಟು ಕಿಲೋ ಟಿಎನ್‌ಟಿ ಸ್ಫೋಟಕ ಎಂದು ಒಂದೇ ಜಾಗದಲ್ಲಿಟ್ಟು ಸಿಡಿಸಿದರೆ ಚಿತ್ರ ಬಣ್ಣಬಣ್ಣವಾಗಿ ಬರುತ್ತದೆ, ಉತ್ತರ ಸುಳ್ಳು.

ಈಗ ನನ್ನ ತಲೆ ಕೊರೆಯುವುದು ತುಕ್ಕು. ಯಾರ್ಡಿಗೆ ರಿಪೇರಿಗೆ ಬಂದ ಹಳೆ ಬಸ್ಸೊಂದರ ಒಳಗಿನ ಶೀಟ್ ಕಿತ್ತಾಗ ನೋಡಿದೆ. ಮಳೆನೀರು ಪಿಲ್ಲರ್ ಬುಡದಲ್ಲಿ ನಿಲ್ಲುತ್ತದೆ, ಮೇಲಿಂದ ಕಡಲ ಗಾಳಿಯ ಉಪ್ಪು. ಅಳೆದರೆ ಕೆಲವು ಕಡೆ 1.2 ಮಿ.ಮೀ., ಒಂದು ಕಡೆ ತೂತೇ. ಆ ಅಂಕಿಗಳನ್ನು ಹೊಸ ಬಸ್ಸಿನ ಮಾಡೆಲ್‌ಗೆ ಹಾಕಿ ಬೀಳಿಸಿದೆ. 40 ಮಿ.ಮೀ. ಎಲ್ಲಿ ಹೋಯಿತೋ, ಮಾಡು ಸೀಟಿನ ಮೇಲೆ ಬಂದು ಕೂತಿತು. ಪರೀಕ್ಷೆ ಹೊಸ ಬಸ್ಸಿಗೆ ಮಾತ್ರ. ಪಿಲ್ಲರ್ ಬುಡದಲ್ಲಿ ನೀರು ಇಳಿದುಹೋಗಲು ಒಂದು ತೂತು ಇಡಿ ಎಂದು ಯಾರ್ಡಿನವರಿಗೆ ಹೇಳಿದ್ದೇನೆ, ಇಟ್ಟಿದ್ದಾರೆ.

ಮೊನ್ನೆ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಪಿಲ್ಲರ್ ಬುಡವನ್ನು ಬೆರಳ ಗಂಟಿನಿಂದ ಬಡಿದು ಸದ್ದು ಕೇಳುತ್ತಿದ್ದೆ. ಕಂಡಕ್ಟರ್ ಪಡುಬಿದ್ರಿವರೆಗೆ ಸುಮ್ಮನೆ ನೋಡಿದ.

"ಎಂತ ಸರ್, ಇಳಿಯುವುದಿದ್ರೆ ಬಾಗಿಲಿಗೆ ಬಡಿಯಿರಿ."